ಪೆಟ್ಟಿಗೆಯೊಳಗಣ ಹವೆ

ಸುಡಲೆಂದೇ ಹುಟ್ಟಿದ ಒಂದು ವಸ್ತುವನ್ನು, ಸುಡುವ ದಿನ ಬರುವವರೆಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ತೇವದಲ್ಲಿಟ್ಟು ಸಾಕುವುದೆಂದರೆ ಮೇಲುನೋಟಕ್ಕೆ ಅದೊಂದು ವಿಪರೀತ ನಡತೆಯಾಗಿಯೇ ತೋರುವುದು. ಮಳೆಗಾಲಕ್ಕೆ ಮುಂಚೆ ಸೌದೆಯನ್ನು ಒಣಗಿಸಿ ಅಟ್ಟಕ್ಕೇರಿಸುವ ನಮ್ಮ ಮನೆಗಳವರಿಗಂತೂ, ಬೆಂಕಿಗೆ ಸಲ್ಲಬೇಕಾದುದಕ್ಕೆ ನೀರಿನ ಸಖ್ಯವೇಕೆಂಬುದು ಒಡನೆ ಹೊಳೆಯುವ ಮಾತಲ್ಲ. ಆದರೂ ಕ್ಯೂಬಾ ದ್ವೀಪದ ಹವಾನಾ ಪಟ್ಟಣದಲ್ಲಿ ಸುತ್ತಿಸಿಕೊಂಡು, ಕಡಲು ದಾಟಿ, ಲಂಡನ್ನಿನಲ್ಲಿಯೋ ಜಿನೀವಾದಲ್ಲಿಯೋ ಹೊಗೆಯಾಗಿ ಮುಗಿಯುವ ಸಿಗಾರಿನ ಚರಿತ್ರೆಯನ್ನು ಹತ್ತಿರದಿಂದ ನೋಡಿದವರಿಗೆ, ಅದರಲ್ಲಿ ಬೆಂಕಿಯ ಪಾಲು ಕೊನೆಯ ಒಂದು ಗಳಿಗೆ ಮಾತ್ರವೆಂದೂ, ಉಳಿದುದೆಲ್ಲ ನೀರಿನ ಪಾಲೆಂದೂ ಮನದಟ್ಟಾಗದಿರದು.

ಇದನ್ನು ಬರೆಯಹೊರಟ ನಾನು ಧೂಮಪಾನಿಯಲ್ಲ. ನನಗೂ ಹೊಗೆಸೊಪ್ಪಿಗೂ ಇರುವ ಪರಿಚಯವೆಲ್ಲ ನನ್ನ ತಾತನ ಎಲೆಯಡಿಕೆಯ ಸಂಚಿಯ ಮೂಲಕ ಬಂದುದು. ಆ ಸಂಚಿಯಲ್ಲಿ ವೀಳ್ಯದೆಲೆಗೆ ಒದ್ದೆಬಟ್ಟೆಯ ಹೊದಿಕೆ, ಸುಣ್ಣಕ್ಕೆ ಹಿತ್ತಾಳೆಯ ಡಬ್ಬಿ, ಅಡಿಕೆಗೆ ಒಣಗಿದ ಮೂಲೆ, ಹೊಗೆಸೊಪ್ಪಿಗೆ ಮಾತ್ರ ಋತುವಿಗೊಂದು ಸ್ಥಾನ: ಚೈತ್ರ ವೈಶಾಖಗಳಲ್ಲಿ ಅದು ಮುಟ್ಟಿದರೆ ಪುಡಿಯಾಗುವುದೆಂದು ವೀಳ್ಯದೆಲೆಯ ಮಗ್ಗುಲಿಗೆ, ಆಷಾಢದಲ್ಲಿ ಮುಗ್ಗು ಹಿಡಿಯುವುದೆಂದು ಅಡಿಕೆಯ ಮಗ್ಗುಲಿಗೆ. ಇದನ್ನು ಆತ ಯಾರಿಂದಲೂ ಕಲಿತವನಲ್ಲ. ಕೇಳಿದರೆ ‘ಹದ ಕಣೋ’ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದ. ಮುಂದೆ ಹವಾನಾದ ಸಿಗಾರುಗಳ ವಿಚಾರವನ್ನು ಓದುತ್ತ ಹೋದಂತೆ, ಯೂರೋಪಿನ ಧನಿಕರು ದುಬಾರಿಯ ಮರಗೆಲಸವನ್ನೂ ಯಂತ್ರಗಳನ್ನೂ ವಿನಿಯೋಗಿಸಿ ಸಾಧಿಸಹೊರಟದ್ದು ಆ ಸಂಚಿಯೊಳಗಿನ ಸ್ಥಾನಪಲ್ಲಟವನ್ನೇ ಎಂದು ತಿಳಿದು ನನಗೆ ನಗುವೂ ಗೌರವವೂ ಒಟ್ಟಿಗೆ ಉಂಟಾದುವು.

ಇಲ್ಲಿ ಒಂದು ತೊಡಕನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೊಗೆಸೊಪ್ಪಿಗೆ ಹದವೆಂಬುದು ಒಂದಲ್ಲ, ಎರಡು. ಎಲೆಯನ್ನು ಮುರಿಯದೆ ಹರಿಯದೆ ಬಿಡಿಸಿ, ನರ ತೆಗೆದು, ಸುತ್ತಿ, ಬಿಗಿದು, ಒಂದು ಆಕಾರಕ್ಕೆ ತರುವ ಕೈಗೆ ಬೇಕಾದ ತೇವ ಹೆಚ್ಚಿನದು. ಅದೇ ಸುರುಳಿಯನ್ನು ಸಮನಾಗಿ, ನಿಧಾನವಾಗಿ, ಕಹಿಯಿಲ್ಲದೆ ದಹಿಸುವ ಬೆಂಕಿಗೆ ಬೇಕಾದ ತೇವ ಅದಕ್ಕಿಂತ ಕಡಿಮೆಯದು. ಕೈಯ ಹದದಲ್ಲಿ ಹುಟ್ಟಿದ್ದನ್ನು ಬೆಂಕಿಯ ಹದಕ್ಕೆ ಇಳಿಸಿ, ಆ ಮೇಲೆ ಅದು ಅಲ್ಲಿಂದ ಕದಲದಂತೆ ಕಾಯುವುದೇ ಈ ವ್ಯವಸಾಯದ ಗುಟ್ಟು. ನಮ್ಮ ಮಂಗಳೂರಿನ ಕಡೆಯ ಹೆಂಗಸರು ಬೀಡಿಯೆಲೆಯನ್ನು ನೀರಿನಲ್ಲಿ ನೆನೆಸಿ, ಒದ್ದೆಯ ಬಟ್ಟೆಯಲ್ಲಿ ಸುತ್ತಿಟ್ಟು, ಅದು ಮೆತುವಾದ ಮೇಲೆ ಕತ್ತರಿಸಿ ಸುತ್ತುವರಷ್ಟೆ. ಹಾಗೆ ಸುತ್ತಿದ ಬೀಡಿಯನ್ನು ಆಮೇಲೆ ಕಾವಿಗಿಟ್ಟು ಒಣಗಿಸದೆ ಯಾರೂ ಮಾರುವುದಿಲ್ಲ. ಅಲ್ಲಿ ಒಂದೆರಡು ದಿನಗಳಲ್ಲಿ ಮುಗಿಯುವ ಈ ಎರಡು ಹದಗಳ ವ್ಯವಹಾರವು ಹವಾನಾದ ಸಿಗಾರಿನಲ್ಲಿ ವರ್ಷಗಳಷ್ಟು ನೀಳವಾಗಿ ಹಬ್ಬಿಕೊಂಡಿದೆ.

ಮೂಲದ ಕಥೆ ಎಲ್ಲರಿಗೂ ತಿಳಿದದ್ದೇ. 1492ರ ನವೆಂಬರಿನಲ್ಲಿ ಕೊಲಂಬಸನು ಕ್ಯೂಬಾದ ಒಳನಾಡಿಗೆ ಕಳುಹಿಸಿದ ರೋದ್ರಿಗೊ ದೆ ಹೆರೆಸ್, ಲೂಯಿಸ್ ದೆ ತೊರೆಸ್ ಎಂಬಿಬ್ಬರು, ಅಲ್ಲಿಯ ತೈನೊ ಜನರು ಒಣಗಿದ ಎಲೆಗಳ ಸುರುಳಿಗೆ ಕಿಚ್ಚು ತಗುಲಿಸಿ ಹೊಗೆಯನ್ನು ಸೇವಿಸುವುದನ್ನು ಕಂಡರು. ಮುಂದೆ ಸ್ಪೇನಿನ ಅರಸರು ಈ ಬೆಳೆಯನ್ನು ತಮ್ಮ ಬೊಕ್ಕಸಕ್ಕೆ ಕಟ್ಟಿಹಾಕಿಕೊಂಡು, 1717ರಲ್ಲಿ ಕ್ಯೂಬಾದ ಹೊಗೆಸೊಪ್ಪಿನ ಮೇಲೆ ಏಕಸ್ವಾಮ್ಯವನ್ನು ಹೇರಿದರು. ಎಲೆ ಕ್ಯೂಬಾದಲ್ಲಿ ಬೆಳೆದರೂ ಅದಕ್ಕೆ ರೂಪ ಬರುತ್ತಿದ್ದುದು ಬಹುಮಟ್ಟಿಗೆ ಸ್ಪೇನಿನ ಸೆವಿಲ್ಯಾ ನಗರದಲ್ಲಿದ್ದ ಅರಸರ ಕಾರ್ಖಾನೆಯಲ್ಲಿ. (ಆ ಭವ್ಯ ಕಟ್ಟಡದಲ್ಲಿ ಈಗ ವಿಶ್ವವಿದ್ಯಾನಿಲಯವಿದೆ.) 1762ರಲ್ಲಿ ಆಂಗ್ಲರು ಹವಾನಾವನ್ನು ಹಿಡಿದು ಒಂದು ವರ್ಷಕ್ಕೆ ತುಸು ಕಡಮೆ ಕಾಲ ಆಳಿದರು, 1808ರಿಂದ ಸ್ಪೇನಿನ ನೆಲದಲ್ಲಿ ನೆಪೋಲಿಯನ್ನನ ಸೇನೆಯೊಡನೆ ಕಾದಾಡಿದ ಆಂಗ್ಲ ಸೈನಿಕರು ಊರಿಗೆ ಮರಳುವಾಗ ಗಾಯಗಳೊಂದಿಗೆ ಸಿಗಾರಿನ ಚಟವನ್ನೂ ಹೊತ್ತುತಂದರು. 1817ರಲ್ಲಿ ಏಳನೆಯ ಫರ್ಡಿನೆಂಡ್ ದೊರೆಯು ಏಕಸ್ವಾಮ್ಯವನ್ನು ತೆಗೆದು ಕ್ಯೂಬಾದ ಹೊಗೆಸೊಪ್ಪಿನ ವ್ಯಾಪಾರಕ್ಕೆ ಸ್ವಾತಂತ್ರ್ಯ ಕೊಟ್ಟ ಮೇಲೆ, ಹವಾನಾದಲ್ಲಿಯೇ ಸುತ್ತಿದ ಸಿಗಾರು ಹವಾನಾದ ಹೆಸರಿನಲ್ಲಿಯೇ ಲೋಕವನ್ನು ಸುತ್ತತೊಡಗಿತು. ತೇವದ ಸಮಸ್ಯೆ ಹುಟ್ಟಿದ್ದು ನಿಜವಾಗಿ ಅಂದಿನಿಂದ. ಎಲೆ ಎಲೆಯಾಗಿಯೇ ಹೋಗುತ್ತಿದ್ದಷ್ಟು ಕಾಲ, ತಲಪಿದಲ್ಲಿ ಅದಕ್ಕೆ ನೀರು ಚಿಮುಕಿಸಿ ಹದಗೊಳಿಸಬಹುದಾಗಿತ್ತು. ಸಿದ್ಧವಾದ ಸಿಗಾರಿಗೆ ನೀರು ಚಿಮುಕಿಸಿದರೆ ಅದು ಕೆಟ್ಟಿತೆಂದೇ ಅರ್ಥ.

ಎಲೆಯ ಸ್ವಭಾವವನ್ನು ಇಲ್ಲಿ ಕೊಂಚ ತಾಳ್ಮೆಯಿಂದ ನೋಡಬೇಕು. ಕ್ಯೂಬಾದ ಪಶ್ಚಿಮಕ್ಕೆ, ಪಿನಾರ್ ದೆಲ್ ರಿಯೊ ಪ್ರಾಂತದ ವುಯೆಲ್ತಾ ಅಬಾಹೊ ಎಂಬ ಕೆಂಪುಮಣ್ಣಿನ ಸೀಮೆಯಲ್ಲಿ ಬೆಳೆದ ಎಲೆಯನ್ನು ಕಿತ್ತು, ಎರಡೆರಡಾಗಿ ಪೋಣಿಸಿ, ಗಳುಗಳ ಮೇಲೆ ಇಳಿಬಿಟ್ಟು, ತಾಳೆಗರಿ ಹೊದಿಸಿದ ಎತ್ತರದ ಕೊಟ್ಟಿಗೆಗಳಲ್ಲಿ ಸುಮಾರು ಐವತ್ತು ದಿನ ಒಣಗಿಸುವರು. ಕೊಟ್ಟಿಗೆಯ ಬಾಗಿಲನ್ನು ಯಾವ ಹೊತ್ತಿಗೆ ತೆರೆಯಬೇಕು, ಯಾವ ಹೊತ್ತಿಗೆ ಮುಚ್ಚಬೇಕು ಎಂಬುದೇ ಅಲ್ಲಿಯ ವಿದ್ಯೆ. ಗಾಳಿ ಒಣಗಿದ್ದ ದಿನ ಎಲೆಯನ್ನು ಕೆಳಗಿಳಿಸಲು ಹೋದವನ ಕೈಗೆ ಪುಡಿಯಲ್ಲದೆ ಬೇರೇನೂ ಬರದು. ನಮ್ಮ ಹುಣಸೂರು ಪಿರಿಯಾಪಟ್ಟಣಗಳ ಬೇಸಾಯಗಾರರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಅವರು ಬೆಳೆಯುವುದು ಸಿಗರೇಟಿನ ಜಾತಿಯ ಎಲೆಯನ್ನು, ಬೇಯಿಸುವುದು ಒಲೆಯ ಶಾಖದಲ್ಲಿ; ಆದರೂ ಬೇಯಿಸಿ ಮುಗಿದ ಮೇಲೆ ‘ಬ್ಯಾರನ್’ ಎಂಬ ಬೇಯಿಸುವ ಮನೆಯ ಬಾಗಿಲನ್ನು ತೆರೆದಿಟ್ಟು, ರಾತ್ರಿಯ ಗಾಳಿ ಎಲೆಯನ್ನು ಮೆತ್ತಗೆ ಮಾಡುವವರೆಗೆ ಅದನ್ನು ಮುಟ್ಟದೆ ಕಾಯುವರು. ಎಲೆ ಗಾಳಿಯಿಂದ ನೀರನ್ನು ಹೀರುವುದು, ಗಾಳಿ ಒಣಗಿದರೆ ಹೀರಿದ್ದನ್ನು ಹಿಂದಕ್ಕೆ ಕೊಡುವುದು. ಅದು ಬದುಕಿದ್ದಾಗ ಬೇರಿನಿಂದ ಮಾಡಿದ ವ್ಯಾಪಾರವನ್ನು ಸತ್ತ ಮೇಲೆ ಮೈಯೆಲ್ಲದರಿಂದ ಮುಂದುವರಿಸುವುದು.

ಒಣಗಿದ ಎಲೆಯನ್ನು ರಾಶಿ ಹಾಕಿ ಮಾಗಿಸುವರು. ಒಳಗಿನ ತೇವದಿಂದಲೇ ರಾಶಿ ಕಾವೇರಿ, ಅಮೋನಿಯಾದ ಘಾಟು ಹೊರಟು, ಎಲೆಯ ಒರಟುತನ ಅಡಗುವುದು. ಆಮೇಲೆ ಅದನ್ನು ಕಟ್ಟುವ ಹೊದಿಕೆಯನ್ನು ಕುರಿತು ಓದಿದಾಗ ನನಗೆ ಮಲೆನಾಡು ನೆನಪಾಯಿತು: ರಾಯಲ್ ಪಾಮ್ ಎಂಬ ತಾಳಜಾತಿಯ ಮರದ ಗರಿಯ ಬುಡದಲ್ಲಿ ಬರುವ ಅಗಲವಾದ ಪೊರೆಯನ್ನು ನೆನೆಸಿ ಮಿದುಗೊಳಿಸಿ ಅದರಲ್ಲಿ ಎಲೆಯ ಹೊರೆಯನ್ನು ಬಿಗಿಯುವರಂತೆ. ಕ್ಯೂಬಾದವರು ಅದನ್ನು ‘ಯಾಗ್ವ’ ಎನ್ನುವರು; ತೀರ್ಥಹಳ್ಳಿಯವನು ಕಂಡರೆ ಅದನ್ನು ‘ಹಾಳೆ’ ಎಂದೇ ಕರೆದಾನು, ಟೊಪ್ಪಿಗೆ ಮಾಡಿಕೊಂಡರೂ ಮಾಡಿಕೊಂಡಾನು. ಹೊರಗಿನ ಗಾಳಿಯ ಏರಿಳಿತ ಒಳಗಿನ ಎಲೆಯನ್ನು ಒಮ್ಮೆಲೇ ತಟ್ಟದಂತೆ ತಡೆಯುವ ಗುಣ ಆ ಪೊರೆಗೆ ಉಂಟು. ಹೀಗೆ ಕಟ್ಟಿದ ಹೊರೆ ವರ್ಷಗಳನ್ನು ಕಳೆದು ಕಾರ್ಖಾನೆಗೆ ಬಂದ ಮೇಲೆ, ಹೊರಸುತ್ತಿನ ತೆಳ್ಳನೆಯ ಎಲೆಗಳಿಗೆ ನೀರಿನ ತುಂತುರನ್ನು ಹಾಯಿಸಿ, ಕಲೆಯಾಗದಂತೆ ಹನಿಗಳನ್ನು ಕೊಡವಿ, ತೇವವು ಸಮನಾಗಿ ಹರಡಲೆಂದು ನೇತುಹಾಕುವರು. ‘ಮೊಹಾ’ ಎಂಬ ಈ ಸಂಸ್ಕಾರವಿಲ್ಲದೆ ಹೊರಸುತ್ತಿನ ಯಾವ ಎಲೆಯೂ ಸುತ್ತುವವನ ಹಲಗೆಗೆ ಬರುವುದಿಲ್ಲ.

ಸುತ್ತುವವನಿಗೆ ಅಲ್ಲಿ ‘ತೊರ್ಸೆದೋರ್’ ಎಂದು ಹೆಸರು. ಒಂದು ಮರದ ಹಲಗೆ, ‘ಚಾವೆತಾ’ ಎಂಬ ಬಾಗಿದ ಅಲಗು, ತುದಿಯನ್ನು ಅಂಟಿಸಲು ಒಂದು ಬಟ್ಟಲು ಮರದಂಟು, ಎರಡು ಕೈ. ಇಷ್ಟೇ ಆತನ ಬಂಡವಾಳ. ಒಳಗಣ ಎಲೆಗಳನ್ನು ಹೊಗೆ ಸರಿದಾಡಲು ದಾರಿ ಬಿಟ್ಟು ಮಡಿಸಿ, ನಡುವಣ ಎಲೆಯಲ್ಲಿ ಬಂಧಿಸಿ, ಹೊರಗಣ ಎಲೆಯನ್ನು ಎಳೆದು ಸುತ್ತಿ ಆತನು ಕೆಳಗಿಡುವ ಸಿಗಾರಿನಲ್ಲಿ ಕೈಯ ಹದ ಪೂರ್ಣವಾಗಿದೆ, ಬೆಂಕಿಯ ಹದ ಮಾತ್ರ ಇನ್ನೂ ದೂರವಿದೆ. ಆದುದರಿಂದ ಐವತ್ತರ ಕಟ್ಟುಗಳನ್ನು ‘ಎಸ್ಕಪರಾತೆ’ ಎಂಬ ಕೋಣೆಗೆ ಒಯ್ದು, 16ರಿಂದ 18 ಡಿಗ್ರಿ ಸೆಲ್ಸಿಯಸ್ಸಿನ ತಂಪಿನಲ್ಲಿ, ಶೇಕಡ 65ರಿಂದ 70ರ ಆರ್ದ್ರತೆಯಲ್ಲಿ, ಸೀಡರ್ ಮರದ ಕಪಾಟುಗಳೊಳಗೆ ಮೂರು ವಾರಕ್ಕೆ ಕಡಮೆಯಿಲ್ಲದಂತೆ ಇಡುವರು. ಸುತ್ತುವಾಗ ಕುಡಿದ ನೀರಿನಲ್ಲಿ ಹೆಚ್ಚಾದುದನ್ನು ಸಿಗಾರು ಅಲ್ಲಿ ಮೆಲ್ಲಮೆಲ್ಲನೆ ಬಿಟ್ಟುಕೊಡುವುದು.

ಸೀಡರ್ ಎಂದೆನಲ್ಲ, ಆ ಹೆಸರು ಒಂದು ಮೋಸ. ಲೆಬನಾನಿನ ಸೀಡರಿಗೂ ಹಿಮಾಲಯದ ದೇವದಾರುವಿಗೂ ಇದು ಸಂಬಂಧಿಯೇ ಅಲ್ಲ. ಸಸ್ಯಶಾಸ್ತ್ರಜ್ಞರು ‘ಸೆಡ್ರೆಲಾ ಒಡೊರಾಟ’ ಎಂದು ಕರೆಯುವ ಈ ಮರವು ಮಹಾಗನಿಯ ಕುಲಕ್ಕೆ ಸೇರಿದ್ದು. ಅಂದರೆ ನಮ್ಮ ಬೇವಿನ ಕುಲಕ್ಕೂ ಸೇರಿದ್ದು. ಇನ್ನೂ ಹತ್ತಿರದ ನಂಟು ನಮ್ಮ ಗಂಧಗರಿಗೆಯ ಮರದ್ದು; ಅದನ್ನೂ ಹಿಂದಿನವರು ಸೆಡ್ರೆಲಾ ಎಂಬ ಹೆಸರಿನಲ್ಲಿಯೇ ಲೆಕ್ಕಕ್ಕೆ ಹಿಡಿದಿದ್ದರು, ಭಾರತದಲ್ಲಿ ಚುರುಟಿನ ಪೆಟ್ಟಿಗೆಗಳಿಗೆ ಅದರ ಹಲಗೆಯನ್ನು ಬಳಸಿದ್ದೂ ಉಂಟು. ಈ ಮರವು ನೀರನ್ನು ಕುಡಿಯುವುದು, ಬೇಕಾದಾಗ ಕೊಡುವುದು, ಆದರೆ ತಾನು ಸೊಟ್ಟಗಾಗದು. ಅದರ ಕಹಿಗಂಪು ಹುಳುವಿಗೆ ಹಿಡಿಸದು, ಹೊಗೆಸೊಪ್ಪಿನ ಗಂಧಕ್ಕೆ ಮಾತ್ರ ಚೆನ್ನಾಗಿ ಹೊಂದುವುದು. ಮೊದಮೊದಲು ಸಿಗಾರುಗಳನ್ನು ಕಟ್ಟುಗಳಾಗಿ ಹಂದಿಯ ಮೂತ್ರಕೋಶದ ಚರ್ಮದಲ್ಲಿ ಸುತ್ತಿ, ವಾಸನೆ ಮುಚ್ಚಲೆಂದು ವೆನಿಲಾದ ಕಾಯಿಯೊಂದನ್ನು ಸೇರಿಸಿ ಕಳುಹಿಸುತ್ತಿದ್ದರಂತೆ. ಆಮೇಲೆ ಸಾವಿರಾರು ಹಿಡಿಸುವ ದೊಡ್ಡ ಸೀಡರ್ ಪೆಠಾರಿಗಳು ಬಂದುವು. ಹವಾನಾದಲ್ಲಿ ನೆಲಸಿದ್ದ ಜರ್ಮನ್ ಲೇವಾದೇವಿಯವರಾದ ಉಪ್ಮನ್ ಮನೆತನದವರು ಲಂಡನ್ನಿನ ತಮ್ಮ ವರ್ತಕಮಿತ್ರರಿಗೆ ಮುದ್ರೆಯೊತ್ತಿದ ಚಿಕ್ಕ ಸೀಡರ್ ಪೆಟ್ಟಿಗೆಗಳಲ್ಲಿ ಸಿಗಾರುಗಳನ್ನು ಕಳುಹಿಸಿದುದರಿಂದಲೇ ಇಂದಿನ ಪೆಟ್ಟಿಗೆ ಹುಟ್ಟಿತೆಂದು ವ್ಯಾಪಾರಿಗಳು ಹೇಳುವರು. ಆ ಮನೆತನ 1844ರಲ್ಲಿ ಸಿಗಾರಿನ ಕಾರ್ಖಾನೆಗೇ ಕೈಹಾಕಿದ್ದಂತೂ ದಿಟ. ಪೆಟ್ಟಿಗೆಯ ಮೇಲಿನ ಚಿತ್ರಗಳನ್ನೂ ಪದಕಗಳ ಪಡಿಯಚ್ಚುಗಳನ್ನೂ ಕೊಂಡವರು ಮೆಚ್ಚಿದರು. ಪೆಟ್ಟಿಗೆ ನಿಜವಾಗಿ ಮಾಡುತ್ತಿದ್ದ ಕೆಲಸ, ಹವಾನಾದ ಒಂದು ಹಿಡಿ ಹವೆಯನ್ನು ಹಿಡಿದಿಟ್ಟುಕೊಂಡು ಅಟ್ಲಾಂಟಿಕ್ ಸಾಗರವನ್ನು ದಾಟುವುದಾಗಿತ್ತು.

ಕೆಲವರು ಈ ಪ್ರಶ್ನೆಯನ್ನು ತಲೆಕೆಳಗು ಮಾಡಿಯೂ ಬಿಡಿಸಿದರು. ಹವೆಯನ್ನು ಪೆಟ್ಟಿಗೆಯಲ್ಲಿಟ್ಟು ಒಯ್ಯುವ ಬದಲು, ಅಂಥದೇ ಹವೆಯಿರುವ ಊರಿಗೆ ಕಾರ್ಖಾನೆಯನ್ನೇ ಒಯ್ಯುವುದು. ವಿಸೆಂತೆ ಮಾರ್ತಿನೆಸ್ ಈಬೊರ್ ಎಂಬ ಉದ್ಯಮಿ ಕ್ಯೂಬಾದ ದಂಗೆಗಳಿಂದ ಪಾರಾಗಿ ಮೊದಲು ಕೀ ವೆಸ್ಟ್ ದ್ವೀಪಕ್ಕೂ, 1880ರ ದಶಕದ ನಡುವಿನಲ್ಲಿ ಫ್ಲಾರಿಡಾದ ಟ್ಯಾಂಪಾಕ್ಕೂ ಹೋದನು. ರೇವು, ರೈಲು ಮಾರ್ಗಗಳ ಜೊತೆಗೆ ಆ ಊರಿನ ಬೆಚ್ಚನೆಯ ಒದ್ದೆ ಗಾಳಿಯೂ ಅವನನ್ನು ಸೆಳೆದ ಕಾರಣಗಳಲ್ಲಿ ಒಂದು.

ಲಂಡನ್ನಿನ ವಿಚಾರ ಹಾಗಲ್ಲ. ಆ ನಗರ ಮಂಜಿಗೂ ಮಳೆಗೂ ಹೆಸರಾದದ್ದು. ಅಲ್ಲಿ ಎಲೆ ಒಣಗುವುದೆಂದರೆ ನಂಬುವವರು ಯಾರು? ಆದರೆ ಚಳಿಗಾಲದ ತಣ್ಣನೆಯ ಗಾಳಿ ಹಿಡಿಸಬಲ್ಲ ನೀರೇ ಸ್ವಲ್ಪ. ಅದನ್ನು ಮನೆಯೊಳಕ್ಕೆ ತಂದು ಅಗ್ಗಿಷ್ಟಿಕೆಯ ಮುಂದೆ ಕಾಯಿಸಿದೊಡನೆ ಅದರ ನೀರಡಿಕೆ ಹೆಚ್ಚಿ, ಪೀಠೋಪಕರಣಗಳಿಂದಲೂ ಪುಸ್ತಕಗಳಿಂದಲೂ ಸಿಗಾರುಗಳಿಂದಲೂ ಸಿಕ್ಕಷ್ಟನ್ನು ಕಸಿದುಕೊಳ್ಳುವುದು. ಹೊರಗೆ ಮುಗ್ಗು, ಒಳಗೆ ಮರುಭೂಮಿ. ಇಂತಿರಲು ಸೇಂಟ್ ಜೇಮ್ಸ್ ಬೀದಿಯ ಆಸುಪಾಸಿನ ವರ್ತಕರು ನೆಲಮಾಳಿಗೆಗಳನ್ನೂ ಸೀಡರ್ ಹೊದಿಸಿದ ಕೋಣೆಗಳನ್ನೂ ಕಟ್ಟಿಸಿ, ಗಿರಾಕಿ ಕೊಂಡ ಮಾಲನ್ನು ಗಿರಾಕಿಯ ಕೈಗೇ ಕೊಡದೆ, ಆತನ ಹೆಸರು ಬರೆದ ಗೂಡಿನಲ್ಲಿ ವರ್ಷಗಳ ಕಾಲ ತಾವೇ ಕಾಯುವ ಪದ್ಧತಿಯನ್ನು ಬೆಳೆಸಿದರು. ಹೊಸದಾಗಿ ಬಂದ ಸಿಗಾರನ್ನು ಅವರು ‘ಹಸಿ’ ಎನ್ನುತ್ತಿದ್ದರು. ಸುತ್ತಿದ ಕೆಲವು ವಾರಗಳ ಮೇಲೆ ಎಲೆ ಮತ್ತೊಮ್ಮೆ ಮೆಲ್ಲನೆ ಮಾಗತೊಡಗಿ ಘಾಟನ್ನು ಬಿಡುವುದಾದ್ದರಿಂದ, ಆ ಕಾಲ ಕಳೆದು ಸಿಗಾರು ಮಾಗಿ, ಕೊಂಚ ಒಣಗಿ, ಸೌಮ್ಯವಾದ ಮೇಲೆಯೇ ಸೇದತಕ್ಕದ್ದೆಂಬುದು ಆಂಗ್ಲರ ರುಚಿ. ಸಮುದ್ರದ ಆಚೆ ಅಮೆರಿಕದವರಿಗೆ ಹಸಿತನವೇ ತಾಜಾತನದ ಗುರುತು. ಕಾಫಿಗೆ ಚಿಕೋರಿ ಬೇಕೆ ಬೇಡವೆ ಎಂಬ ನಮ್ಮ ವ್ಯಾಜ್ಯದಂತೆ ಈ ವ್ಯಾಜ್ಯವೂ ತೀರ್ಪಿಲ್ಲದೆ ಸಾಗಿಬಂದಿದೆ.

1907ರಲ್ಲಿ ಡ್ಯೂಕ್ ಬೀದಿಯಲ್ಲಿ ಅಂಗಡಿಯಿಟ್ಟ ಆಲ್ಫ್ರೆಡ್ ಡನ್‌ಹಿಲ್ಲನು ಈ ವಿದ್ಯೆಯನ್ನು ವೈಭವದ ಶಿಖರಕ್ಕೇರಿಸಿದನು. 1941ರ ಏಪ್ರಿಲಿನಲ್ಲಿ ಜರ್ಮನರ ಬಾಂಬಿಗೆ ಆ ಅಂಗಡಿ ಸಿಕ್ಕಾಗ, ಬೆಳಗಿನ ಜಾವ ಪ್ರಧಾನಮಂತ್ರಿ ವಿನ್ಸ್‌ಟನ್ ಚರ್ಚಿಲ್ಲನಿಗೆ ದೂರವಾಣಿಯಲ್ಲಿ ಆತನ ಸಿಗಾರುಗಳು ಸುರಕ್ಷಿತವಾಗಿವೆಯೆಂದು ಸುದ್ದಿ ಮುಟ್ಟಿತೆಂಬ ಕಥೆಯನ್ನು ಹೇಳದವರಿಲ್ಲ. ಕಥೆ ಎಷ್ಟು ನಿಜವೋ, ಮನುಷ್ಯನ ಸ್ವಭಾವವನ್ನು ಬಲ್ಲವರಿಗೆ ಅಸಂಭವವಾಗಿ ತೋರುವುದಿಲ್ಲ. ಈ ಚರ್ಚಿಲ್ಲನು 1895ರ ನವೆಂಬರಿನಲ್ಲಿ, ತನ್ನ ಇಪ್ಪತ್ತೊಂದನೆಯ ಹುಟ್ಟುಹಬ್ಬದ ಹೊತ್ತಿಗೆ, ಸ್ಪೇನಿನ ಸೇನೆಯ ಜೊತೆಯಲ್ಲಿ ಕ್ಯೂಬಾದ ಯುದ್ಧವನ್ನು ನೋಡಲು ಹೋಗಿದ್ದವನು. ಮರುವರ್ಷವೇ ಅಶ್ವದಳದ ಕಿರಿಯ ಅಧಿಕಾರಿಯಾಗಿ ನಮ್ಮ ಬೆಂಗಳೂರಿನ ದಂಡಿಗೆ ಬಂದು, ಪೋಲೋ ಆಡುತ್ತ, ಗುಲಾಬಿ ಬೆಳೆಸುತ್ತ, ಗಿಬ್ಬನ್ನನ ಇತಿಹಾಸವನ್ನು ಓದುತ್ತ ಕಾಲ ಕಳೆದವನು. ಮಾರ್ಚಿಯಲ್ಲಿ ಎಲೆಯನ್ನು ಗರಿಗರಿಯಾಗಿಸಿ ಜುಲೈಯಲ್ಲಿ ಮೆತ್ತಗಾಗಿಸುವ ಬೆಂಗಳೂರಿನ ಗಾಳಿ, ಹವಾನಾದ ಪೆಟ್ಟಿಗೆಯನ್ನು ಬಿಚ್ಚಿಟ್ಟವನಿಗೆ ಕಲಿಸಬಹುದಾದ ಪಾಠಗಳು ಅನೇಕ. ಮುಂದೆ ಚಾರ್ಟ್‌ವೆಲ್ಲಿನ ತನ್ನ ಮನೆಯಲ್ಲಿ ಓದುವ ಕೋಣೆಯ ಪಕ್ಕದಲ್ಲಿಯೇ ಆತ ಮೂರು ನಾಲ್ಕು ಸಾವಿರ ಸಿಗಾರುಗಳನ್ನು ಇಟ್ಟುಕೊಂಡಿರುತ್ತಿದ್ದನು. ಕಪಾಟುಗಳ ಮೇಲೆ ‘ದೊಡ್ಡವು’, ‘ಚಿಕ್ಕವು’, ‘ಹೊದ್ದವು’, ‘ಬೆತ್ತಲೆಯವು’ ಎಂದು ಚೀಟಿ. ಇಷ್ಟೆಲ್ಲ ಜೋಪಾನದ ಬಳಿಕ ಬಾಯಿಗಿಟ್ಟುಕೊಂಡದ್ದನ್ನು ಸೇದಿದ್ದಕ್ಕಿಂತ ಅಗಿದದ್ದೇ ಹೆಚ್ಚಾದ್ದರಿಂದ, ತುದಿ ನೆನೆದು ಬಿಚ್ಚಿಕೊಳ್ಳದಿರಲೆಂದು ಕಂದು ಕಾಗದದ ಪಟ್ಟಿಯೊಂದನ್ನು ಅದಕ್ಕೆ ಅಂಟಿಸಿಕೊಳ್ಳುತ್ತಿದ್ದನು. ಹೊರಗಿನ ತೇವವನ್ನು ಗೆದ್ದವನಿಗೂ ಬಾಯ ತೇವ ಉಳಿದೇ ಇತ್ತು. ಸಿಗಾರನ್ನು ಹೊತ್ತಿಸುವ ಮುನ್ನ ನಾಲಗೆಯಿಂದ ಉದ್ದಕ್ಕೂ ನೆಕ್ಕಿ ಹದಮಾಡಿಕೊಳ್ಳುವ ಅಭ್ಯಾಸವೂ ಹಿಂದೆ ಅನೇಕರಲ್ಲಿದ್ದಿತು. ಎಂಜಲಿನ ವಿಷಯದಲ್ಲಿ ನಮ್ಮಷ್ಟು ಕಟ್ಟುನಿಟ್ಟಿಲ್ಲದ ಜನ, ಏನು ಮಾಡುವುದು!

ನಮ್ಮ ದೇಶದ ಚುರುಟಿಗೆ ಇಷ್ಟು ಲಾಲನೆ ಪಾಲನೆ ದೊರೆಯಲಿಲ್ಲ. ತಮಿಳಿನ ‘ಸುರುಟ್ಟು’ ಎಂಬ ಮಾತನ್ನು ಆಂಗ್ಲರು ‘ಚೆರೂಟ್’ ಎಂದರು. ನಮ್ಮ ಚುರುಟು ಸಹ ಆ ಸುರುಳಿಯದೇ ಬಳಗ. ದಿಂಡಿಗಲ್ಲಿನ ಎಲೆ, ತಿರುಚಿನಾಪಳ್ಳಿಯ ಉರೈಯೂರಿನ ಕೈ. ಎರಡೂ ಸೇರಿ ಹುಟ್ಟಿದ ‘ಟ್ರಿಚಿನಾಪಲಿ’ ಚುರುಟು ಎಷ್ಟು ಪ್ರಸಿದ್ಧವಾಗಿದ್ದಿತೆಂದರೆ, 1887ರಲ್ಲಿ ಪ್ರಕಟವಾದ ಷರ್ಲಾಕ್ ಹೋಮ್ಸನ ಮೊದಲನೆಯ ಕಥೆಯಲ್ಲಿಯೇ ಆ ಪತ್ತೇದಾರನು ನೆಲದ ಮೇಲಿನ ಬೂದಿಯನ್ನು ನೋಡಿ ಇದು ಟ್ರಿಚಿನಾಪಲಿಯದೆಂದು ಗುರುತಿಸುತ್ತಾನೆ. ಸೇದುವವರಿಗೆ ಹತ್ತಿರದಲ್ಲಿಯೇ ಹುಟ್ಟಿ, ಎರಡು ತುದಿಯನ್ನೂ ತೆರೆದುಕೊಂಡು, ಹೊತ್ತಿಸಿದರೆ ಹೊತ್ತಿಕೊಳ್ಳುವ ಒರಟು ಜೀವ ಅದು. ಬೇರೊಂದು ಭೂಖಂಡದ ಹವೆಯನ್ನು ಅದು ಎಂದೂ ಬೇಡಿದ್ದಿಲ್ಲ.

ಹದವು ಅಂಕಿಯಾದ ಕಥೆಗೆ ಜಿನೀವಾಕ್ಕೆ ಹೋಗಬೇಕು. ಆ ಊರಿನ ವಿಜ್ಞಾನಿ ಒರಾಸ್ ಬೆನೆದಿಕ್ತ್ ದೆ ಸೊಸ್ಯೂರ್ ಎಂಬಾತನು 1783ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸೋಡಾದ ದ್ರಾವಣದಲ್ಲಿ ಕುದಿಸಿ ಜಿಡ್ಡು ತೆಗೆದ ಮನುಷ್ಯನ ತಲೆಗೂದಲು ಒದ್ದೆ ಗಾಳಿಯಲ್ಲಿ ಉದ್ದವಾಗಿ ಒಣ ಗಾಳಿಯಲ್ಲಿ ಗಿಡ್ಡವಾಗುವುದೆಂಬುದನ್ನು ಆಧಾರವಾಗಿ ಹಿಡಿದು ರಚಿಸಿದ ಆರ್ದ್ರತಾಮಾಪಕವನ್ನು ವರ್ಣಿಸಿದನು. ಕೂದಲಿಗೆ ಮುಳ್ಳನ್ನು ಕಟ್ಟಿದರೆ ಗಾಳಿಯ ತೇವ ಓದಲು ಬರುವುದು. ಸಿಗಾರಿನ ಪೆಟ್ಟಿಗೆಯ ಮುಚ್ಚಳದೊಳಗೆ ಕೂರಿಸುವ ಪುಟ್ಟ ಮಾಪಕಗಳಲ್ಲಿ ಕೂದಲಿನವು ಈ ಯಂತ್ರದ ನೇರ ಸಂತಾನ. ಅದೇ ಜಿನೀವಾಕ್ಕೆ 1911ರಲ್ಲಿ ಕೀವ್ ನಗರದಿಂದ ವಲಸೆ ಬಂದ ಯೆಹೂದಿ ಹೊಗೆಸೊಪ್ಪಿನ ವ್ಯಾಪಾರಿಯೊಬ್ಬನ ಐದು ವರ್ಷದ ಮಗ ಜಿನೊ ದಾವಿದಾಫ್, ಬೆಳೆದ ಮೇಲೆ ಅರ್ಜೆಂಟೈನಾ, ಬ್ರೆಜಿಲ್, ಕ್ಯೂಬಾಗಳನ್ನು ಸುತ್ತಿ ಎಲೆಯ ವಿದ್ಯೆಯನ್ನು ಕಲಿತು ಬಂದು, ತಂದೆಯ ಅಂಗಡಿಯ ನೆಲಮಾಳಿಗೆಯನ್ನು ಶೈತ್ಯ ಆರ್ದ್ರತೆಗಳೆರಡೂ ನಿಯತವಾಗಿರುವ ಸಿಗಾರಿನ ಕಣಜವನ್ನಾಗಿ ಮಾರ್ಪಡಿಸಿದನು. ದ್ರಾಕ್ಷಾರಸವನ್ನು ನೆಲಮಾಳಿಗೆಯಲ್ಲಿ ಮಾಗಿಸುವ ನಾಡಿನವರಿಗೆ ಸಿಗಾರೂ ಹಾಗೆಯೇ ಎಂದು ಹೇಳಿ ಒಪ್ಪಿಸುವುದು ಕಷ್ಟವಾಗಲಿಲ್ಲ. ಬೋರ್ಡೋ ಸೀಮೆಯ ಪ್ರಸಿದ್ಧ ದ್ರಾಕ್ಷಿತೋಟಗಳ ಹೆಸರುಗಳನ್ನೇ ತನ್ನ ಹವಾನಾ ಸಿಗಾರುಗಳಿಗೆ ಇಟ್ಟು ಮಾರಿದ ಜಾಣ ಆತ.

ಆ ಕಾಲದಿಂದೀಚೆಗೆ ಎಪ್ಪತ್ತು ಎಂಬ ಅಂಕಿ ಮಂತ್ರವಾಯಿತು: 70 ಡಿಗ್ರಿ ಫ್ಯಾರನ್‌ಹೀಟ್ ಉಷ್ಣ, ಶೇಕಡ 70 ಆರ್ದ್ರತೆ. ಆ ಉಷ್ಣ ಬಹಳ ಏರಿದರೆ ಎಲೆಯೊಳಗೆ ಅಡಗಿದ ಜೀರುಂಡೆಯ ಮೊಟ್ಟೆ ಒಡೆದು, ಮರಿ ಎಲೆಯನ್ನು ಕೊರೆಯುವುದು. ಆರ್ದ್ರತೆ ಬಹಳ ಏರಿದರೆ ಬೂಷ್ಟು. ಮಾಪಕ ಸತ್ಯವನ್ನೇ ಹೇಳುತ್ತಿದೆಯೆ ಎಂದು ಪರೀಕ್ಷಿಸುವ ಉಪಾಯ ನಮ್ಮ ಅಡಿಗೆಮನೆಯದು: ಬಟ್ಟಲಿನಲ್ಲಿ ಉಪ್ಪನ್ನು ಕೆಸರಾಗುವಷ್ಟೇ ನೆನೆಸಿ ಮಾಪಕದೊಡನೆ ಬಿಗಿಯಾಗಿ ಮುಚ್ಚಿಟ್ಟರೆ, ಒಳಗಣ ಗಾಳಿ ಶೇಕಡ 75ಕ್ಕೆ ಬಂದು ನಿಲ್ಲುವುದು, ಮುಳ್ಳೂ ಅಲ್ಲಿಯೇ ನಿಲ್ಲತಕ್ಕದ್ದು. ಶುದ್ಧವಾದ ಉಪ್ಪು ಗಾಳಿಯ ಆರ್ದ್ರತೆ 75ನ್ನು ಮೀರಿದಾಗಲೇ ನೀರೊಡೆಯುವುದು. ಆಷಾಢದಲ್ಲಿ ಕಲ್ಲುಪ್ಪಿನ ಜಾಡಿ ಅದಕ್ಕೂ ಮುಂಚೆಯೇ ಜಿನುಗತೊಡಗುವುದಾದರೆ ಅದು ಉಪ್ಪಿನಲ್ಲಿ ಬೆರೆತ ಮೆಗ್ನೀಷಿಯಂ ಲವಣಗಳ ಚೇಷ್ಟೆ. ಬೇರೆ ಬೇರೆ ಲವಣಗಳ ದ್ರಾವಣಗಳು ಬೇರೆ ಬೇರೆ ಆರ್ದ್ರತೆಯಲ್ಲಿ ಗಾಳಿಯನ್ನು ನಿಲ್ಲಿಸುವ ಈ ಗುಣವನ್ನೇ ಚೀಲದಲ್ಲಿ ಕಟ್ಟಿ ಈಗ ಸಿಗಾರಿನ ಪೆಟ್ಟಿಗೆಗೆ ಹಾಕುವರು. ಗಾಳಿ ಒಣಗಿದರೆ ಚೀಲ ಕೊಡುವುದು, ನೆನೆದರೆ ಹಿಂದಕ್ಕೆ ಪಡೆಯುವುದು. ಇಂಥ ಪೆಟ್ಟಿಗೆಗಳು ವಸ್ತುವಿಗಿಂತ ಹೆಚ್ಚಿನ ಬೆಲೆ ಪಡೆದದ್ದೂ ಉಂಟು: ಅಮೆರಿಕದ ಅಧ್ಯಕ್ಷ ಕೆನೆಡಿಗೆ ವಿದೂಷಕನಟ ಮಿಲ್ಟನ್ ಬರ್ಲ್ 1961ರಲ್ಲಿ ಕೊಟ್ಟ ಸಿಗಾರಿನ ಪೆಟ್ಟಿಗೆ 1996ರ ಹರಾಜಿನಲ್ಲಿ 5,74,500 ಡಾಲರಿಗೆ ಹೋಯಿತು. ಕ್ಯೂಬಾದ ಮಾಲನ್ನು ತನ್ನ ದೇಶಕ್ಕೆ ಬಾರದಂತೆ 1962ರಲ್ಲಿ ತಡೆದವನ ಪೆಟ್ಟಿಗೆ ಅದು ಎಂಬುದು ಇನ್ನೊಂದು ವಿನೋದ.

ಆದರೆ ಅಂಕಿ ಬಂದಾಗ ಬೆರಳು ಸುಮ್ಮನಾಗಲಿಲ್ಲ. ಎಪ್ಪತ್ತರಲ್ಲಿ ಕಾದ ಸಿಗಾರು ಕಾಯುವುದಕ್ಕೆ ಚೆನ್ನ, ಸೇದುವುದಕ್ಕೆ ತುಸು ಒದ್ದೆ ಎಂದು ಅನುಭವಿಗಳು ಗೊಣಗತೊಡಗಿದರು. ಉಬ್ಬಿದ ಎಲೆ ಹೊಗೆಯ ದಾರಿಯನ್ನು ಕಟ್ಟುವುದು, ಎಳೆದರೆ ಬಾರದು, ಕಿಚ್ಚು ಒಂದು ಮಗ್ಗುಲಿಗೆ ಓಡುವುದು ಅಥವಾ ನಡುವೆ ಸುರಂಗ ಕೊರೆಯುವುದು, ಮೂರು ಸಲ ಆರಿ ನಾಲ್ಕನೆಯ ಸಲ ಹೊತ್ತಿಸಿದಾಗ ಬಾಯಲ್ಲಿ ಕಷಾಯದ ಕಹಿ. ಇದಕ್ಕೆ ಅವರು ಕಂಡುಕೊಂಡ ಪರಿಹಾರ ಅತಿ ಸರಳ. ಸೇದುವ ಒಂದೆರಡು ದಿನ ಮೊದಲು, ದಪ್ಪನೆಯದಾದರೆ ಇನ್ನೂ ಮೊದಲು, ಸಿಗಾರನ್ನು ತೇವದ ಪೆಟ್ಟಿಗೆಯಿಂದ ತೆಗೆದು, ನೀರಿನ ಏರ್ಪಾಡೇನೂ ಇಲ್ಲದ ಬರಿಯ ಸೀಡರ್ ಪೆಟ್ಟಿಗೆಯಲ್ಲಿ ಮಲಗಿಸುವುದು. ಎಸ್ಕಪರಾತೆಯಲ್ಲಿ ಮೂರು ವಾರ ನಡೆದ ಸಂಸ್ಕಾರದ ಕಿರುರೂಪವೇ ಇದು. ಆತುರ ಮಾತ್ರ ಸಲ್ಲದು: ಹೊರಗಣ ತೆಳುವಾದ ಎಲೆ ಗಾಳಿಯೊಡನೆ ಕೆಲವು ಗಂಟೆಗಳಲ್ಲಿ ರಾಜಿಯಾದರೂ ಒಳಗಣ ತಿರುಳಿಗೆ ದಿನಗಳು ಬೇಕು, ಬಿಸಿಲಿಗೋ ಒಲೆಗೋ ಹಿಡಿದರೆ ಮೇಲಿನದು ಸೀಳಿ ಒಳಗಿನದು ಹಸಿಯಾಗಿಯೇ ಉಳಿಯುವುದು. ಒಣಗಿಹೋದದ್ದನ್ನು ಹಿಂದಕ್ಕೆ ತರುವುದು ಇನ್ನೂ ನಿಧಾನದ ಕೆಲಸ. ಒಮ್ಮೆಲೇ ನೀರುಣಿಸಿದರೆ ತಿರುಳು ಉಬ್ಬಿ ಹೊದಿಕೆ ಒಡೆಯುವುದರಿಂದ, ಕೆಳಗಿನ ಆರ್ದ್ರತೆಯಿಂದ ಮೇಲಿನದಕ್ಕೆ ವಾರಗಟ್ಟಲೆ ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು, ಅಷ್ಟಾದರೂ ಹಾರಿಹೋದ ಸುಗಂಧ ತೈಲಗಳು ಮರಳಿ ಬಾರವು. ಹದ ಬಂದಿತೆಂದು ತಿಳಿಯುವುದು ಹೇಗೆ? ಹೆಬ್ಬೆರಳು ತೋರುಬೆರಳುಗಳ ನಡುವೆ ಮೆಲ್ಲನೆ ಒತ್ತಿದರೆ ಬಗ್ಗಬೇಕು, ಬಿಟ್ಟರೆ ಮೊದಲಿನಂತಾಗಬೇಕು. ಕಿವಿಯ ಬಳಿ ಹಿಡಿದು ಉರುಳಿಸಿ, ಕರಕರ ಸದ್ದನ್ನು ಆಲಿಸಿ, ತಲೆದೂಗುವ ಠೀವಿಯವರೂ ಇದ್ದರು. ಬಲ್ಲವರು ಅವರನ್ನು ನೋಡಿ ನಕ್ಕರು. ಸದ್ದು ಮಾಡುವ ಸಿಗಾರು ಸತ್ತ ಸಿಗಾರು.

ಇಷ್ಟೆಲ್ಲ ನೆಲಮಾಳಿಗೆ, ಕೂದಲು, ಉಪ್ಪು, ಸೀಡರುಗಳ ನಡುವೆ ಒಬ್ಬನನ್ನು ಮರೆತೆವು. ಹವಾನಾದ ಕಾರ್ಖಾನೆಯಲ್ಲಿ, ಎತ್ತರದ ಪೀಠದಿಂದ ವೃತ್ತಪತ್ರಿಕೆಯನ್ನೋ ಕಾದಂಬರಿಯನ್ನೋ ಓದುವ ವಾಚಕನ ಕಂಠವನ್ನು ಕೇಳುತ್ತ, ಸಾಲುಹಲಗೆಗಳ ಮುಂದೆ ಕುಳಿತಿರುವ ತೊರ್ಸೆದೋರ್. ಕೆಲಸದ ಹೊತ್ತಿನಲ್ಲಿ ಸೇದಲು ಅವನಿಗೆ ಅಡ್ಡಿಯಿಲ್ಲ. ಈಗತಾನೇ ಸುತ್ತಿದ, ಮೊಹಾದ ನೀರಿನ್ನೂ ಆರದ, ಲಂಡನ್ನಿನ ವರ್ತಕ ಮುಟ್ಟಲೂ ಹಿಂಜರಿಯುವಂಥ ಹಸಿಯ ಸಿಗಾರೊಂದನ್ನು ಅವನು ಬಾಯಿಗಿಟ್ಟು, ಕಡ್ಡಿ ಗೀರಿ ಹೊತ್ತಿಸಿ, ಒಂದು ಕಣ್ಣನ್ನು ಹೊಗೆಗೆ ಮುಚ್ಚಿಕೊಂಡು, ಮುಂದಿನ ಎಲೆಯನ್ನು ಹಲಗೆಯ ಮೇಲೆ ಬಿಡಿಸುತ್ತಾನೆ.